ಸಹಾಯ ಬೇಕು: ಎರೆ ಹೊಲಕ್ಕೆ ಯಾವ ಜೀರೋ ಟಿಲ್ (ಉಳದೆ ಬಿತ್ತೋ) ಕೂರಿಗೆ?

ನಮಸ್ಕಾರ ರೀ. ಸೇಡಂ ಕಡೆ ನಮ್ಮದು ಎರೆ ಹೊಲ. ಮುಂಗಾರಿಗೆ ಹಸಿರೆಲೆ ಗೊಬ್ಬರಕ್ಕೆ ಸೆಣಬು ಬಿತ್ತಿ, ಹೂ ಬಿಡೋ ಹೊತ್ತಿಗೆ ಕೆಡವಿ, ಉಳುಮೆ ಮಾಡದೆ ಅದರ ಮೇಲೇ ಹಿಂಗಾರಿ ಕಡಲೆ ಬಿತ್ತಬೇಕು ಅಂತಿದ್ದೇನೆ. ರಂಟೆ ಹೊಡೆದಷ್ಟೂ ತೇವ ಹೋಗುತ್ತದೆ, ಕಡಲೆ ಬರೋದೇ ಆ ತೇವದ ಮೇಲೆ ಅಲ್ವಾ.

ಟ್ರ್ಯಾಕ್ಟರ್ 45 ಎಚ್‌ಪಿ. ಟೈನ್ (ನೆಲ ಸೀಳೋ ಕಬ್ಬಿಣದ ಮೊನೆ) ಇರೋ ಡ್ರಿಲ್‌ನ ಬೆಲೆ ಕಡಿಮೆ, ಆದರೆ ಸೆಣಬಿನ ನಾರು ಸಿಕ್ಕಿಕೊಂಡು ಕಸವನ್ನೆಲ್ಲ ಎಳೆದುಕೊಂಡು ಹೋಗುತ್ತದೇನೋ ಅನ್ನೋ ಚಿಂತೆ. ಡಿಸ್ಕ್ (ತಿರುಗೋ ತಟ್ಟೆ) ಇರೋದು ಕಸ ಕತ್ತರಿಸುತ್ತದೆ, ಹಸಿ ಎರೆ ಮಣ್ಣು ಮೆತ್ತಿಕೊಂಡರೆ ಮಾತ್ರ ಬೀಜದ ಸಾಲು ಸರಿಯಾಗಿ ಮುಚ್ಚೋದಿಲ್ಲ. ಹ್ಯಾಪಿ ಸೀಡರ್ ಅನ್ನೋ ಬಿತ್ತನೆ ಯಂತ್ರ ಪಂಜಾಬಿನಲ್ಲಿ ಭತ್ತದ ಹುಲ್ಲಿನ ನಡುವೆ ಗೋಧಿ ಬಿತ್ತೋಕೆ ಬಳಸೋದು, ನಮ್ಮ ಟ್ರ್ಯಾಕ್ಟರಿಗೆ ಭಾರ ಆಗಬಹುದು.

ಕಲಬುರಗಿ, ಬೀದರ್, ಯಾದಗಿರಿ ಕಡೆ ಯಾರಾದರೂ ಎರೆಯಲ್ಲಿ ಓಡಿಸಿದ್ದರೆ ಹೇಳಿ ರೀ. ಸೆಣಬು ಕೆಡವೋಕೆ ರೋಲರ್ ಸಾಕಾ, ಮಲ್ಚರ್ (ಗಿಡ ಕತ್ತರಿಸಿ ಚೂರು ಮಾಡೋ ಯಂತ್ರ) ಬೇಕಾ? ಬಾಡಿಗೆಗೆ ಸಿಕ್ಕರೆ ಮೊದಲು ಒಂದು ಎಕರೆ ಬಿತ್ತಿ ನೋಡುತ್ತೇನೆ, ಖರೀದಿ ಆಮೇಲೆ.