ಆ ಒಂದು ಚುಕ್ಕಿ

(ಮನೆಯವರ ವಾಟ್ಸಾಪ್ ಗುಂಪಿನಲ್ಲಿ)

ಚಿಕ್ಕಪ್ಪ: (ಫೋಟೋ) 1975ರ ಜನವರಿಯ ಪಾಪ್ಯುಲರ್ ಎಲೆಕ್ಟ್ರಾನಿಕ್ಸ್. ಮುಖಪುಟದಲ್ಲಿ ಆಲ್ಟೇರ್ 8800 ಕಂಪ್ಯೂಟರ್. ಇದನ್ನ ಹಿಡ್ಕೊಂಡೇ ಮುಂದೆ ಮೈಕ್ರೋಸಾಫ್ಟ್ ಕಟ್ಟಿದ ಪಾಲ್ ಆಲನ್ ತನ್ನ ಜೊತೆಗಾರ ಬಿಲ್ ಗೇಟ್ಸ್ ಹತ್ರ ಓಡಿದ್ದು. ಈಗಿನ ಮಕ್ಕಳು ವಿಡಿಯೋ ನೋಡ್ತಾ ಕೂತಿರ್ತವೆ!

ಅಕ್ಕ: ಚಿಕ್ಕಪ್ಪ, ಆ ಫೋಟೋದಲ್ಲಿರೋ ಡಬ್ಬ ಖಾಲಿ, ಗೊತ್ತಾ? ಕೆಲಸ ಮಾಡೋ ಯಂತ್ರ ಪತ್ರಿಕೆಯವರಿಗೆ ಸಾಗಿಸುವಾಗ ಕಳೆದುಹೋಯ್ತು. ಮುಂದುಗಡೆ ಸ್ವಿಚ್ಚು, ದೀಪ ಮಾತ್ರ ಇರೋ ಪೆಟ್ಟಿಗೆ ಇಟ್ಟು ಫೋಟೋ ತೆಗೆದ್ರು.

ಚಿಕ್ಕಪ್ಪ: ಡಬ್ಬ ಖಾಲಿ ಇರ್ಲಿ ಬಿಡು, ಲೇಖನ ಖಾಲಿ ಇರ್ಲಿಲ್ವಲ್ಲ.

ಅಕ್ಕ: ಅದಿರ್ಲಿ. ಮೊನ್ನೆ ಪುಟ್ಟನಿಗೆ ಅಂತ ಹಳೇ ಪತ್ರಿಕೆಯಿಂದ 555 ಟೈಮರ್ ಚಿಪ್ಪಿನ ಸರ್ಕ್ಯೂಟ್ ಫೋಟೋ ಹಾಕಿದ್ರಲ್ಲ, ಬ್ಲಿಂಕ್ ಆಗ್ತಿಲ್ಲ. ಎಲ್‌ಇಡಿ ಒಂದೇ ಸಮ ಉರೀತಿದೆ. ಎರಡು ದಿನದಿಂದ ಮನೇಲಿ ರಂಪ. ಈ ಪತ್ರಿಕೆಗಳು ತಪ್ಪು ಅಚ್ಚು ಹಾಕಿ ಮುಂದಿನ ತಿಂಗಳು ಮೂಲೇಲಿ ತಿದ್ದುಪಡಿ ಕೊಡ್ತಿದ್ವು. ಇದೂ ಅದೇ ಕಥೆ.

ಚಿಕ್ಕಪ್ಪ: ನಾನೇ ಕಟ್ಟಿ ನೋಡಿದ್ದು ಕಣೇ ಅದು! 10ಕೆ, 68ಕೆ ರೆಸಿಸ್ಟರ್, 10 ಮೈಕ್ರೋಫ್ಯಾರಡ್ ಕೆಪಾಸಿಟರ್. 68ಕೆ ಎರಡು ಪಟ್ಟು ಮಾಡಿ 10ಕೆ ಸೇರಿಸು, ಕೆಪಾಸಿಟರ್‌ನಿಂದ ಗುಣಿಸು, 1.44ನ್ನ ಅದ್ರಿಂದ ಭಾಗಿಸು. ಸೆಕೆಂಡಿಗೊಂದು ಸಲ, ಹತ್ತಿರ ಹತ್ತಿರ. ಅವನು ಎಲ್‌ಇಡಿ ಉಲ್ಟಾ ಹಾಕಿರ್ತಾನೆ.

ಭಾವ: ಉಲ್ಟಾ ಹಾಕಿದ್ರೆ ಉರಿಯೋದೇ ಇಲ್ವಲ್ಲ ಮಾವ.

ಚಿಕ್ಕಮ್ಮ: ಅಟ್ಟದ ಮೇಲಿನ ಆ ಪತ್ರಿಕೆ ಕಟ್ಟು ರದ್ದಿಗೆ ಹಾಕಿದ್ರೆ ಎಲ್ಲಾ ಜಗಳ ಮುಗಿಯತ್ತೆ.

ಚಿಕ್ಕಪ್ಪ: ನೀನು ಸುಮ್ನಿರು.

ನಾನು: ಒಂದ್ನಿಮಿಷ. ಉರೀತಾನೇ ಇದೆ ಅಂದ್ರೆ ಚಿಪ್ಪಿನ 3ನೇ ಪಿನ್, ಅಂದ್ರೆ ಔಟ್ಪುಟ್, ವೋಲ್ಟೇಜ್ ಇಳಿಯದೇ ಮೇಲೇ ನಿಂತಿದೆ. ಕೆಪಾಸಿಟರ್ ಸಪ್ಲೈ ವೋಲ್ಟೇಜಿನ ಮೂರರಲ್ಲಿ ಎರಡು ಭಾಗ ತುಂಬಿದ್ದು 6ನೇ ಪಿನ್‌ಗೆ ಗೊತ್ತಾದ್ರೆ ತಾನೇ ದೀಪ ಆರೋದು? ಪುಟ್ಟಾ, 6ನ್ನ 2ಕ್ಕೆ ಸೇರಿಸಿದೀಯಾ?

ಅಕ್ಕ: ಪುಟ್ಟ ಟೈಪ್ ಮಾಡ್ತಿದೀನಿ. ಸೇರಿಸಿಲ್ಲ. ಚಿತ್ರದಲ್ಲಿ ಗೆರೆ ಮೇಲೆ ಗೆರೆ ಹಾದುಹೋಗತ್ತೆ ಅಷ್ಟೇ. ಚುಕ್ಕಿ ಇದ್ರೆ ಮಾತ್ರ ಸೇರಿಸು ಅಂತ ಚಿಕ್ಕಜ್ಜಾನೇ ಹೇಳಿದ್ದು.

ಭಾವ: ಹುಡುಗ ಹೇಳಿದ್ದು ಸರಿ ಇದೆ.

ಚಿಕ್ಕಪ್ಪ: ತಾಳಿ, ಏಣಿ ತರ್ತೀನಿ.

ಚಿಕ್ಕಪ್ಪ: (ಫೋಟೋ) ಭೂತಗನ್ನಡಿ ಇಟ್ಟು ತೆಗೆದಿದೀನಿ. ಚುಕ್ಕಿ ಸೂಜಿಮೊನೆಯಷ್ಟಿದೆ, ಆದ್ರೆ ಇದೆ! ಪತ್ರಿಕೆ ತಪ್ಪಿಲ್ಲ.

ಅಕ್ಕ: ಹಾಗಾದ್ರೆ ತಪ್ಪು ನಿಮ್ದೇ. ವಾಟ್ಸಾಪ್ ಫೋಟೋನ ಹಿಂಡಿ ಕಳಿಸತ್ತೆ, ಸರ್ಕ್ಯೂಟ್ ಇದ್ರೆ ಡಾಕ್ಯುಮೆಂಟ್ ಅಂತ ಕಳಿಸಿ ಅಂತ ಎಷ್ಟು ಸಲ ಹೇಳೋದು?

ಚಿಕ್ಕಪ್ಪ: ಸರಿ ಮಹಾತಾಯಿ. ಮುಂದಿನ ವಾರ ಎಸಿ128 ಹಾಕಿರೋ ಆಂಪ್ಲಿಫೈಯರ್ ಪುಟ ಡಾಕ್ಯುಮೆಂಟಾಗೇ ಕಳಿಸ್ತೀನಿ.

ನಾನು: ಆ ಜರ್ಮೇನಿಯಂ ಟ್ರಾನ್ಸಿಸ್ಟರ್ ಈಗ ಎಲ್ಲಿಂದ ತರೋದು ಚಿಕ್ಕಪ್ಪ? ಸಿಲಿಕಾನ್ ಹಾಕೋಣ ಅಂದ್ರೆ ಅದಕ್ಕೆ ಬೇಸ್‌ನಲ್ಲಿ 0.6 ವೋಲ್ಟ್ ಬೇಕು, ಇದಕ್ಕೆ 0.2 ಸಾಕು. ಬೇಸ್ಗೆ ಆ ವೋಲ್ಟೇಜ್ ಕೊಡೋ ಬಯಾಸ್ ರೆಸಿಸ್ಟರೆಲ್ಲ ಬದಲಾಯಿಸ್ಬೇಕು.

ಚಿಕ್ಕಪ್ಪ: ಬದಲಾಯಿಸ್ಲಿ. ಕಲಿಯೋದೇ ಅಲ್ಲಿ.

ಅಕ್ಕ: (ವಿಡಿಯೋ) ಬ್ಲಿಂಕ್ ಆಯ್ತು!! ಮನೆಯೆಲ್ಲಾ ಕುಣೀತಿದಾನೆ.

ಚಿಕ್ಕಮ್ಮ: ಶಭಾಷ್ ಪುಟ್ಟ. ಏಣಿ ಯಾರು ಒಳಗಿಡ್ತಾರೆ?

ಅಕ್ಕ: ಮತ್ತೆ ಪುಟ್ಟ. ನಿಮಿಷಕ್ಕೆ 52 ಸಲ ಎಣಿಸಿದೆ. ಚಿಕ್ಕಜ್ಜನ ಲೆಕ್ಕದಲ್ಲಿ 59 ಬರತ್ತೆ. ಉಳಿದ ಏಳು ಎಲ್ಲಿ ಹೋಯ್ತು?

ಚಿಕ್ಕಪ್ಪ: ಕೆಪಾಸಿಟರ್ ಮೇಲೆ ಬರೆದಿದ್ದನ್ನೆಲ್ಲ ನಂಬ್ಬೇಡ ಮರಿ. ಎಲೆಕ್ಟ್ರೋಲಿಟಿಕ್ ಅಂದ್ರೆ ನೂರಕ್ಕೆ 20 ಆಚೀಚೆ. ಡಬ್ಬಿಯಲ್ಲಿರೋ 10 ಮೈಕ್ರೋಫ್ಯಾರಡ್ ಎಲ್ಲಾ ಒಂದೊಂದಾಗಿ ಹಾಕಿ ಎಣಿಸಿ ಬರ್ಕೋ.

ಅಕ್ಕ: ಚಿಕ್ಕಪ್ಪಾ!! ನಾಳೆ ಇವನಿಗೆ ಪರೀಕ್ಷೆ.