ಸಹಾಯ ಬೇಕು: ಮನೆಯಲ್ಲಿ ಮೌನಪ್ರಾರ್ಥನೆಯ ಅಭ್ಯಾಸ

ಸಹೋದರ ಸಹೋದರಿಯರಿಗೆ ಕ್ರಿಸ್ತನಲ್ಲಿ ವಂದನೆಗಳು. ದಾವಣಗೆರೆಯ ವಿದ್ಯಾನಗರದಲ್ಲಿರುವ ನಮ್ಮ ಕುಟುಂಬಕ್ಕೆ ದೇವರ ದಯೆಯಿಂದ ಯಾವ ಕೊರತೆಯೂ ಇಲ್ಲ. ಆದರೆ ಬೇಕೆನಿಸಿದ್ದೆಲ್ಲ ಕೂಡಲೇ ಬಾಗಿಲಿಗೆ ಬರುವ ಈ ಅನುಕೂಲದಲ್ಲಿ ದೇವರಿಗಾಗಿ ಕಾಯುವುದೇ ಮರೆತುಹೋಗುತ್ತಿದೆ ಎಂಬ ಕಳವಳ ನನ್ನದು. ಕ್ರಿಸ್ಮಸ್‌ಗೆ ಮುಂಚಿನ 4 ಭಾನುವಾರಗಳನ್ನು ಕ್ರೈಸ್ತ ಸಭೆಯು ಕಾಯುವಿಕೆಗೆಂದೇ ಮೀಸಲಿಟ್ಟಿದ್ದರೂ, ನಮ್ಮಲ್ಲಿ ಅವು ಬಟ್ಟೆ ಖರೀದಿ, ಕರ್ಜಿಕಾಯಿ ತಯಾರಿಯಲ್ಲೇ (ಅವೂ ಸಂತೋಷದ ಕೆಲಸಗಳೇ) ಕಳೆದುಹೋಗುತ್ತವೆ. ಬೆಳಗ್ಗೆ, ಶಾಂತರಾಗಿದ್ದು ದೇವರನ್ನು ಅರಿಯಿರಿ ಎನ್ನುವ ಬೈಬಲಿನ 46ನೆಯ ಕೀರ್ತನೆಯ 10ನೆಯ ವಚನವನ್ನು ಓದಿ ಸುಮ್ಮನೆ ಕುಳಿತರೆ, ಸಂಪಿನ ಮೋಟಾರ್ ಸದ್ದು ನಿಂತ ಮೇಲೂ ಮನಸ್ಸು ಸಾಲದ ಕಂತು, ಮಕ್ಕಳ ಟ್ಯೂಷನ್ ಎಂದು ಓಡುತ್ತಲೇ ಇರುತ್ತದೆ. ಬೈಬಲಿನ ಒಂದೇ ವಾಕ್ಯಭಾಗವನ್ನು ಓದಿ, ಧ್ಯಾನಿಸಿ, ಪ್ರಾರ್ಥಿಸಿ, ಮೌನದಲ್ಲಿ ನೆಲೆಸುವ ಹಳೆಯ ಸನ್ಯಾಸಿಗಳ ಕ್ರಮವನ್ನು ಮನೆಯಲ್ಲಿ ಪಾಲಿಸುತ್ತಿರುವವರು, ಶಾಲೆಗೆ ಹೋಗುವ ಮಕ್ಕಳನ್ನು ಅದರಲ್ಲಿ ಹೇಗೆ ಸೇರಿಸಿಕೊಂಡಿರಿ ಎಂಬುದನ್ನು ದಯವಿಟ್ಟು ತಿಳಿಸಿ. ಇಲ್ಲಿ ಅಥವಾ ಚಿತ್ರದುರ್ಗದಲ್ಲಿ ಒಂದು ದಿನದ ಮೌನ ಧ್ಯಾನಕೂಟ ನಡೆಸಿಕೊಡಬಲ್ಲ ಪಾಸ್ಟರ್, ಫಾದರ್ ಅಥವಾ ಸಿಸ್ಟರ್ ಅವರ ಪರಿಚಯವಿದ್ದರೂ ತಿಳಿಸಬೇಕೆಂದು ವಿನಂತಿಸುತ್ತೇನೆ.