‘ಉಂಬರಠಾ’ದ ಗಂಡನನ್ನು ಹೇಗೆ ಅರ್ಥ ಮಾಡಿಕೊಳ್ಳಬೇಕು?

ಪ್ರಶ್ನೆ (ಕೋಥರೂಡ್, ಪುಣೆ)

ಜಬ್ಬಾರ್ ಪಟೇಲ್ ಅವರ ಮರಾಠಿ ಚಿತ್ರ ‘ಉಂಬರಠಾ’ವನ್ನು (1982) ಕಳೆದ ಭಾನುವಾರ ಅಮ್ಮನೊಂದಿಗೆ ಮತ್ತೆ ನೋಡಿದೆ. ಹೆಸರಿನ ಅರ್ಥ ಹೊಸ್ತಿಲು. ಸ್ಮಿತಾ ಪಾಟೀಲ್ ಅವರ ಸುಲಭಾ, ಮಹಿಳಾಶ್ರಮದ ಅಧೀಕ್ಷಕಿಯ ಕೆಲಸಕ್ಕಾಗಿ ಗಂಡನನ್ನೂ ಪುಟ್ಟ ಮಗಳನ್ನೂ ಬಿಟ್ಟು ಪರಊರಿಗೆ ಹೋಗಿ, ಮರಳಿ ಬರುವಷ್ಟರಲ್ಲಿ ಗಂಡನಿಗೆ ಇನ್ನೊಬ್ಬಳ ಸಂಬಂಧ ಬೆಳೆದಿರುತ್ತದೆ. ಗಿರೀಶ ಕಾರ್ನಾಡರ ಆ ವಕೀಲ ಗದರುವವನಲ್ಲ, ಕೈ ಎತ್ತುವವನಲ್ಲ; ವಿಷಯವನ್ನು ತಾನೇ ಒಪ್ಪಿಕೊಳ್ಳುತ್ತಾನೆ. ಧಾರವಾಡದಲ್ಲಿ ಬೆಳೆದ ನಮ್ಮಮ್ಮ, “ಅಂವ ಕೆಟ್ಟಾಂವ ಅಲ್ಲವ್ವಾ, ಆದ್ರ ಅಕಿ ಅಲ್ಲಿ ಹೆಂಗ ಇರಬೇಕು?” ಎಂದರು. ಖಳನೇ ಇಲ್ಲದ ಇಂಥ ದಾಂಪತ್ಯದ ಕಥೆಗಳ ಬಗ್ಗೆ ನಿಮ್ಮ ಅಭಿಪ್ರಾಯವೇನು? ಅದೇ ಕಾಲದ ಕನ್ನಡ ಚಿತ್ರಗಳಲ್ಲಿ ಇದಕ್ಕೆ ಜೋಡಿ ಯಾವುದು?

ಉತ್ತರ (ಮಾಟುಂಗಾ, ಮುಂಬಯಿ)

ನಿಮ್ಮ ತಾಯಿಯವರ ಮಾತಿನ ಎರಡನೆಯ ಅರ್ಧವನ್ನು ನಾನು ಪೂರ್ತಿ ಒಪ್ಪುತ್ತೇನೆ, ಮೊದಲರ್ಧವನ್ನು ಅಲ್ಲ. ವಿಜಯ ತೆಂಡೂಲ್ಕರ್ ಅವರ ಚಿತ್ರಕಥೆಯಲ್ಲಿ ಆ ಮನುಷ್ಯನ ಸೌಜನ್ಯವೇ ಸುಲಭಾಳಿಗೆ ಕಟ್ಟಿದ ಗೋಡೆ. ಜಗಳವಾಡಲು ಕೂಡ ಅವನು ಅವಳಿಗೆ ಜಾಗ ಕೊಡುವುದಿಲ್ಲ. ಅದೇ 1982ರಲ್ಲಿ ಬಂದ ಮಹೇಶ್ ಭಟ್ ಅವರ ಹಿಂದಿ ಚಿತ್ರ ‘ಅರ್ಥ್’ ಅನ್ನು ಇದರ ಬೆನ್ನಿಗೇ ನೋಡಿ. ಅಲ್ಲಿ ಸ್ಮಿತಾ ಪಾಟೀಲ್ ‘ಇನ್ನೊಬ್ಬಳು’, ಶಬಾನಾ ಆಜ್ಮಿ ಹೆಂಡತಿ. ಹೊಸ್ತಿಲಿನ ಎರಡೂ ಬದಿಗಳಲ್ಲಿ ಒಬ್ಬಳೇ ನಟಿ ಒಂದೇ ವರ್ಷ ನಿಂತಿದ್ದನ್ನು ಯೋಚಿಸಿದರೆ ನನಗೆ ಇಂದಿಗೂ ಮೈ ಜುಮ್ಮೆನ್ನುತ್ತದೆ. ‘ಅರ್ಥ್’ನಲ್ಲಿ ಗಂಡ ಕ್ಷಮೆ ಕೇಳಿ ಬಂದಾಗ ಹೆಂಡತಿ ಕೇಳುವುದು ಒಂದೇ ಪ್ರಶ್ನೆ: ನಾನು ಹೀಗೆ ಮಾಡಿದ್ದರೆ ನೀನು ನನ್ನನ್ನು ಮರಳಿ ಕರೆದುಕೊಳ್ಳುತ್ತಿದ್ದೆಯಾ? ಅವನು ಇಲ್ಲವೆನ್ನುತ್ತಾನೆ. ಕೊನೆಗೆ ಸುಳ್ಳು ಹೇಳದ ಗಂಡಸರನ್ನೇ ಈ ಎರಡೂ ಚಿತ್ರಗಳು ನಮ್ಮ ಮುಂದೆ ನಿಲ್ಲಿಸುತ್ತವೆ, ಆದರೂ ಹೆಂಗಸರು ಉಳಿಯುವುದಿಲ್ಲ.

ಉತ್ತರ (ಮಡಗಾಂವ್, ಗೋವಾ)

ಕನ್ನಡದಲ್ಲಿ ಪುಟ್ಟಣ್ಣ ಕಣಗಾಲರ ‘ರಂಗನಾಯಕಿ’ (1981) ನೋಡಿ. ನಾಟಕವನ್ನೇ ಉಸಿರಾಡುವ ಆರತಿಯವರ ಪಾತ್ರಕ್ಕೆ ಗಂಡ ಹಾಕುವ ಷರತ್ತು ಒಂದೇ, ರಂಗವನ್ನು ಬಿಡಬೇಕು. ಪುಟ್ಟಣ್ಣ ಭಾವವನ್ನು ಉಕ್ಕಿಸುತ್ತಾರೆ, ಜಬ್ಬಾರ್ ಪಟೇಲ್ ಅದುಮಿಡುತ್ತಾರೆ. ದಾರಿ ಬೇರೆಯಾದರೂ ಎರಡೂ ಕಡೆ ಹೆಣ್ಣಿನ ಕೆಲಸವೇ ಸಂಸಾರಕ್ಕೆ ಎದುರಾಗಿ ನಿಲ್ಲುತ್ತದೆ.

ಪ್ರಶ್ನೆ ಕೇಳಿದವರಿಂದ

ನಿಮ್ಮಿಬ್ಬರಿಗೂ ಧನ್ಯವಾದ. ‘ಗೋಡೆ’ ಎಂಬ ಮಾತನ್ನು ಅಮ್ಮನಿಗೆ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ರಂಗನಾಯಕಿ’ಯನ್ನು ಈ ಭಾನುವಾರ ಹಾಕು ಎಂದರು.